24 ಡಿಗ್ರಿಗೆ ಇಟ್ಟರೂ ಹಿಂದಿನ ಸೀಟಿಗೆ ಸೆಖೆ: ಕಾರಿನ ಆಟೋಮ್ಯಾಟಿಕ್ ಏಸಿ ಮಾಡುವುದೇನು?

ಪ್ರಶ್ನೆ: ನಮ್ಮದು ಐದು ವರ್ಷ ಹಳೆಯ ಪೆಟ್ರೋಲ್ ಕಾರು, ಆಟೋಮ್ಯಾಟಿಕ್ ಏಸಿ ಇರುವ ಮಾಡೆಲ್. ಹಾಸನ–ಮಂಗಳೂರು ನಡುವೆ ತಿಂಗಳಿಗೆ ಎರಡು ಮೂರು ಸಲ ಓಡಾಟ. ಏಸಿಯನ್ನು 24ಕ್ಕೆ ಇಟ್ಟು ಆಟೋ ಒತ್ತುತ್ತೇನೆ. ಮೊದಲು ಫ್ಯಾನ್ ಜೋರಾಗಿ ಬೀಸುತ್ತದೆ, ಹತ್ತು ನಿಮಿಷಕ್ಕೆ ತಾನಾಗಿ ಇಳಿದುಬಿಡುತ್ತದೆ. ಹಿಂದೆ ಕೂತ ಅಮ್ಮನಿಗೂ ಮಕ್ಕಳಿಗೂ ಸೆಖೆ. ಮಂಗಳೂರಿನ ಸಿಗ್ನಲ್‌ಗಳಲ್ಲಿ ನಿಂತರೆ ಗಾಳಿ ಬೆಚ್ಚಗಾಗುತ್ತದೆ. ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ಗಾಜೆಲ್ಲ ಮಬ್ಬು. ಒಂದು ಗ್ಯಾರೇಜಿನಲ್ಲಿ ಗ್ಯಾಸ್ ಕಡಿಮೆ ಇದೆಯೆಂದು ತುಂಬಿಸಿದರು. ಎರಡು ತಿಂಗಳಿಗೆ ಮತ್ತೆ ಹಾಗೇ ಆಯಿತು. ಇನ್ನೊಂದು ಕಡೆ ಸೆನ್ಸರ್ ಹೋಗಿದೆ, ಏಸಿ ಪ್ಯಾನಲನ್ನೇ ಬದಲಿಸಬೇಕು ಅನ್ನುತ್ತಿದ್ದಾರೆ. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದಾ? 24ರಲ್ಲಿ ಪೆಟ್ರೋಲ್ ಉಳಿಯುತ್ತದೆ ಅನ್ನುವುದು ನಿಜವಾ? ಆಟೋ ಬಿಟ್ಟು ಕೈಯಲ್ಲೇ ಹೊಂದಿಸಿಕೊಳ್ಳುವುದು ಒಳ್ಳೆಯದಾ?

ಉತ್ತರ: ನೀವು ಹೇಳಿದ್ದರಲ್ಲಿ ಎಲ್ಲವೂ ಕೆಟ್ಟಿರುವುದರ ಲಕ್ಷಣವಲ್ಲ. ಫ್ಯಾನ್ ತಾನಾಗಿ ಇಳಿಯುವುದು ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಘಾಟಿಯಲ್ಲಿ ಗಾಜು ಮಬ್ಬಾಗುವುದು ಹೆಚ್ಚಾಗಿ ಒಂದು ಗುಂಡಿಯ ವಿಷಯ. ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದವು ಎರಡು: ಸಿಗ್ನಲ್‌ನಲ್ಲಿ ಗಾಳಿ ಬೆಚ್ಚಗಾಗುವುದು, ಮತ್ತು ಎರಡು ತಿಂಗಳಲ್ಲಿ ಕೂಲಿಂಗ್ ಮತ್ತೆ ಬಿದ್ದುಹೋದದ್ದು. ಈ ಎರಡಕ್ಕೂ ಪ್ಯಾನಲ್ ಕಾರಣವಾಗಿರುವ ಸಾಧ್ಯತೆ ತೀರಾ ಕಡಿಮೆ. ಹಾಗಾಗಿ ಪ್ಯಾನಲ್‌ಗೆ ದುಡ್ಡು ಕಟ್ಟುವುದನ್ನು ಸದ್ಯಕ್ಕೆ ನಿಲ್ಲಿಸಿ.

ಮೊದಲು ಆ 24ರ ವಿಷಯ. ಅದು ಗಾಳಿಕಿಂಡಿಯಿಂದ ಬರುವ ಗಾಳಿಯ ಉಷ್ಣತೆಯಲ್ಲ. ಕಾರಿನೊಳಗೆ ಕೊನೆಗೆ ಎಷ್ಟು ಡಿಗ್ರಿ ನಿಲ್ಲಬೇಕು ಎಂದು ನೀವು ಕೊಡುವ ಗುರಿ. ಅಲ್ಲಿಗೆ ತಲುಪಲು ಕಂಟ್ರೋಲ್ ಯೂನಿಟ್ ಕೆಲವು ಸೆನ್ಸರ್‌ಗಳ ಮಾತು ಕೇಳುತ್ತದೆ. ಕಾರಿನೊಳಗಿನ ಉಷ್ಣತೆ ಹೇಳುವುದೊಂದು, ಮುಂದಿನ ಬಂಪರ್ ಅಥವಾ ಗ್ರಿಲ್ ಹಿಂದೆ ಕೂತು ಹೊರಗಿನದನ್ನು ಹೇಳುವುದೊಂದು, ಡ್ಯಾಶ್‌ಬೋರ್ಡ್ ಮೇಲೆ ಗಾಜಿನ ಬುಡದಲ್ಲಿ ಬಿಸಿಲನ್ನು ಅಳೆಯುವುದೊಂದು, ಕೂಲಿಂಗ್ ಕಾಯಿಲ್‌ನ ರೆಕ್ಕೆಗಳ ನಡುವೆ ಸಿಕ್ಕಿಸಿರುವುದೊಂದು. ಇವುಗಳ ಜೊತೆಗೆ ಎಂಜಿನ್ ಕೂಲೆಂಟ್‌ನ ಉಷ್ಣತೆ, ತಂಪು ಮಾಡುವ ಗ್ಯಾಸಿನ ಲೈನಿನ ಒತ್ತಡ. ಇಷ್ಟನ್ನೂ ಲೆಕ್ಕ ಹಾಕಿ ಬ್ಲೋವರ್ (ಒಳಗೆ ಗಾಳಿ ಬೀಸುವ ಫ್ಯಾನ್) ವೇಗ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್, ಮತ್ತು ಡ್ಯಾಶ್‌ಬೋರ್ಡ್ ಒಳಗೆ ಗಾಳಿಯ ದಾರಿ ತಿರುಗಿಸುವ ಮೂರು ಫ್ಲಾಪ್‌ಗಳನ್ನು ಅದು ನಡೆಸುತ್ತದೆ. ಒಂದು ಫ್ಲಾಪ್ ಹೊರಗಿನ ಗಾಳಿಯೋ ಒಳಗಿನದ್ದೋ ಎಂದು ತೀರ್ಮಾನಿಸುತ್ತದೆ, ಇನ್ನೊಂದು ಗಾಳಿ ಮುಖಕ್ಕೋ ಕಾಲಿಗೋ ಗಾಜಿಗೋ ಎಂದು. ಮೂರನೆಯದು ಬಿಸಿ–ತಂಪು ಬೆರೆಸುವ ಫ್ಲಾಪ್. ಜನರಿಗೆ ಗೊತ್ತೇ ಇಲ್ಲದ, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಕಾರಿನ ಏಸಿ ಗಾಳಿಯನ್ನು ನಿಮಗೆ ಬೇಕಾದಷ್ಟೇ ತಂಪು ಮಾಡುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಕೂಲಿಂಗ್ ಕಾಯಿಲ್ ಸುಮಾರು 2ರಿಂದ 5 ಡಿಗ್ರಿಯ ನಡುವೆ ಓಡುತ್ತಿರುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಕಾಯಿಲ್ ಮೇಲಿನ ನೀರು ಹೆಪ್ಪುಗಟ್ಟುತ್ತದೆ ಎಂದು ರೆಕ್ಕೆಗಳ ನಡುವಿನ ಸೆನ್ಸರ್ ಕಂಪ್ರೆಸರ್ ನಿಲ್ಲಿಸುತ್ತದೆ. ಅಲ್ಲಿಂದ ಬಂದ ಕೊರೆಯುವ ಗಾಳಿಯಲ್ಲಿ ಒಂದು ಪಾಲನ್ನು ಎಂಜಿನ್‌ನ ಬಿಸಿನೀರು ಹರಿಯುವ ಹೀಟರ್ ಕೋರ್ ಮೂಲಕ ಹಾಯಿಸಿ, ಸ್ನಾನಕ್ಕೆ ಬಿಸಿನೀರು ತಣ್ಣೀರು ಹದ ಮಾಡಿದ ಹಾಗೆ, ಬೆರೆಸಿ ಒಳಗೆ ಬಿಡುತ್ತದೆ. ಮ್ಯಾನುವಲ್ ಏಸಿಯ ಕಾರಿನಲ್ಲೂ ನೀಲಿ–ಕೆಂಪು ಗುಬುಟು ತಿರುಗಿಸಿದಾಗ ಆಗುವುದು ಇದೇ.

ಇಷ್ಟು ಗೊತ್ತಾದರೆ 18ರ ಪ್ರಶ್ನೆಗೆ ಉತ್ತರ ಸುಲಭ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 55–60 ಡಿಗ್ರಿ ಆಗಿರುತ್ತದೆ. ಆಗ ನೀವು 24 ಅಂದರೂ 18 ಅಂದರೂ ವ್ಯವಸ್ಥೆ ಮಾಡುವುದು ಹೆಚ್ಚುಕಡಿಮೆ ಒಂದೇ ಕೆಲಸ: ಬ್ಲೋವರ್ ಪೂರ್ತಿ, ಬೆರೆಸುವ ಫ್ಲಾಪ್ ಪೂರ್ತಿ ತಂಪಿನ ಕಡೆ, ಒಳಗಾಳಿಯೇ ಸುತ್ತುವುದು, ಕಂಪ್ರೆಸರ್ ಬಿಡುವಿಲ್ಲದೆ. 18ಕ್ಕೆ ಇಟ್ಟ ಮಾತ್ರಕ್ಕೆ ಕಂಪ್ರೆಸರ್‌ಗೆ ಹೆಚ್ಚು ಶಕ್ತಿ ಬರುವುದಿಲ್ಲ. ವ್ಯತ್ಯಾಸ ಕಾಣುವುದು ಆಮೇಲೆ. 24 ಹತ್ತಿರವಾದಾಗ ಅದು ಬ್ಲೋವರ್ ಇಳಿಸಿ ಬೆರಕೆ ಶುರುಮಾಡುತ್ತದೆ. 18ರಲ್ಲಿ ಹಾಗೇ ಬೀಸುತ್ತಲೇ ಇರುತ್ತದೆ, ಕೊನೆಗೆ ನೀವೇ ಚಳಿ ಎಂದು ಏರಿಸುತ್ತೀರಿ. ಬೇಗ ತಂಪಾಗಬೇಕಿದ್ದರೆ ಹೊರಟ ಮೊದಲ ಒಂದೆರಡು ನಿಮಿಷ ನಾಲ್ಕೂ ಗಾಜು ಇಳಿಸಿ ಕಾದ ಗಾಳಿಯನ್ನು ಹೊರಹಾಕಿ, ಆಮೇಲೆ ಮುಚ್ಚಿ. ಸಂಖ್ಯೆ ಇಳಿಸುವುದಕ್ಕಿಂತ ಇದರ ಫಲ ಜಾಸ್ತಿ.

ಪೆಟ್ರೋಲ್ ಉಳಿತಾಯದ ಮಾತು ಮನೆಯ ಏಸಿಯಿಂದ ಬಂದದ್ದು. ಮನೆಯ ಏಸಿಗಳು 24 ಡಿಗ್ರಿಯನ್ನೇ ಮೂಲ ಸೆಟ್ಟಿಂಗ್ ಆಗಿ ಇಟ್ಟುಕೊಂಡು ಬರಬೇಕೆಂಬ ನಿಯಮ 2020ರ ಜನವರಿಯಿಂದ ಇದೆ, ಅಲ್ಲಿ ಅದು ಸರಿಯೂ ಹೌದು. ಕೋಣೆ 24ಕ್ಕೆ ಬಂದರೆ ಕಂಪ್ರೆಸರ್ ನಿಲ್ಲುತ್ತದೆ ಅಥವಾ ನಿಧಾನವಾಗುತ್ತದೆ. ಕಾರಿನಲ್ಲಿ ಅದು ಕಂಪ್ರೆಸರ್ ಯಾವುದು ಎಂಬುದರ ಮೇಲೆ ನಿಂತಿದೆ. ಏಸಿ ಹಾಕಿ ಐಡ್ಲಿಂಗ್‌ನಲ್ಲಿ ನಿಂತಾಗ ಬಾನೆಟ್ ಕಡೆಯಿಂದ ಆಗಾಗ 'ಟಕ್' ಎಂಬ ಸದ್ದು ಬಂದು ಎಂಜಿನ್ ಒಮ್ಮೆ ಕುಸಿದು ಸರಿಹೋಗುತ್ತಿದ್ದರೆ ನಿಮ್ಮದು ಕ್ಲಚ್ (ಕಂಪ್ರೆಸರನ್ನು ಎಂಜಿನ್ ಬೆಲ್ಟ್‌ಗೆ ಸೇರಿಸಿ ಬಿಡಿಸುವ ಭಾಗ) ಬಿದ್ದು ಎದ್ದು ನಡೆಯುವ ಸಾಮಾನ್ಯ ಕಂಪ್ರೆಸರ್. ಅದು ಕಾಯಿಲನ್ನು ಅದೇ 2–5 ಡಿಗ್ರಿಗೆ ಇಳಿಸಿಯೇ ಇಳಿಸುತ್ತದೆ, ಆಮೇಲೆ ನಿಮ್ಮ 24ಕ್ಕಾಗಿ ಬಿಸಿ ಬೆರೆಸುತ್ತದೆ. ಬ್ಲೋವರ್ ಇಳಿದದ್ದರಿಂದ ಹೊರೆ ಸ್ವಲ್ಪ ತಗ್ಗುವುದು ನಿಜ, ಆದರೆ ಮನೆಯ ಏಸಿಯಷ್ಟು ಉಳಿತಾಯ ನಿರೀಕ್ಷಿಸಬೇಡಿ. ಎಲೆಕ್ಟ್ರಾನಿಕ್ ವಾಲ್ವ್ ಮೂಲಕ ತನ್ನ ಹೊರೆಯನ್ನೇ ಹೆಚ್ಚುಕಡಿಮೆ ಮಾಡಿಕೊಳ್ಳುವ ಕಂಪ್ರೆಸರ್ ಇದ್ದರೆ ಮಾತು ಬೇರೆ. ಅಲ್ಲಿ ಕಾಯಿಲನ್ನು 8–10 ಡಿಗ್ರಿಯಲ್ಲೇ ಇಡಬಹುದು, ಉಳಿತಾಯ ನಿಜಕ್ಕೂ ಆಗುತ್ತದೆ. ಎರಡರಲ್ಲೂ, ಹಾಸನದ ಬೆಳಗಿನ ತಂಪಿನಲ್ಲಿ ಏಸಿ ಗುಂಡಿಯನ್ನೇ ಆರಿಸಿ ಹೊರಗಿನ ಗಾಳಿಯಲ್ಲಿ ಹೋಗುವುದೇ ದೊಡ್ಡ ಉಳಿತಾಯ.

ಹಿಂದಿನ ಸೀಟಿನ ಸೆಖೆಗೆ ಬರೋಣ. ಒಳಗಿನ ಉಷ್ಣತೆ ಅಳೆಯುವ ಸೆನ್ಸರ್ ಇರುವುದು ಮುಂದೆ, ಸ್ಟೀರಿಂಗ್ ಪಕ್ಕದ ಪ್ಯಾನಲ್‌ನಲ್ಲೋ ಏಸಿ ಗುಂಡಿಗಳ ಬಳಿಯೋ ಇರುವ ಬೆರಳುಗುರಿನಷ್ಟು ಜಾಲರಿಯ ಹಿಂದೆ. ಅದಕ್ಕೆ 24 ಕಂಡರೆ ಕೆಲಸ ಮುಗಿಯಿತು. ಹಿಂದೆ 28 ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಹಿಂದಿನ ಸೀಟಿಗೆ ಪ್ರತ್ಯೇಕ ಗಾಳಿಕಿಂಡಿ ಇಲ್ಲದಿದ್ದರೆ ನಡುವಿನ ಎರಡು ಕಿಂಡಿಗಳನ್ನು ಮೇಲಕ್ಕೆತ್ತಿ, ಮುಂದಿನ ಸೀಟುಗಳ ನಡುವೆ ಗಾಳಿ ಹಾದುಹೋಗುವಂತೆ ತಿರುಗಿಸಿ, 22ಕ್ಕೆ ಇಟ್ಟು, ಬ್ಲೋವರನ್ನು ಕೈಯಿಂದ ಒಂದು ಹಂತ ಏರಿಸಿ. ಬ್ಲೋವರ್ ಮುಟ್ಟಿದ ಕೂಡಲೇ ಆಟೋ ದೀಪ ಆರುತ್ತದೆ. ಗಾಬರಿ ಬೇಡ, ಹೆಚ್ಚಿನ ಕಾರುಗಳಲ್ಲಿ ಆರುವುದು ಬ್ಲೋವರ್‌ನ ಆಟೋ ಮಾತ್ರ, ಉಷ್ಣತೆಯ ಲೆಕ್ಕ ಆಟೋದಲ್ಲೇ ನಡೆಯುತ್ತದೆ. ಆದ್ದರಿಂದ ಆಟೋ ಪೂರ್ತಿ ಬಿಡಬೇಕೋ ಬೇಡವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಹಿಂದೆ ಜನ ಇದ್ದಾಗ ಹೀಗೆ, ಒಬ್ಬರೇ ಇದ್ದಾಗ ಆಟೋ.

ಬಿಸಿಲಿನ ಸೆನ್ಸರ್ ಮೇಲೂ ಒಮ್ಮೆ ಕಣ್ಣಾಡಿಸಿ. ಗುಂಡಿಯಷ್ಟು ದೊಡ್ಡ ಕಪ್ಪು ಉಬ್ಬು ಅದು. ನಮ್ಮಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಗಣಪತಿ ಇರುತ್ತಾನೆ, ಕೆಳಗೊಂದು ಮ್ಯಾಟ್ ಇರುತ್ತದೆ, ಟೋಲ್ ರಸೀದಿ, ಒಣಗಿದ ಹೂವು ಎಲ್ಲ ಅಲ್ಲೇ. ಸೆನ್ಸರ್ ಮುಚ್ಚಿಹೋದರೆ ಚುರುಗುಟ್ಟುವ ಬಿಸಿಲೂ ಅದಕ್ಕೆ ಸಂಜೆಗತ್ತಲು; ಬ್ಲೋವರನ್ನು ಬೇಗ ಇಳಿಸಿಬಿಡುತ್ತದೆ. ಗಣಪತಿಯನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಿದರೆ ಸಾಕು.

ಈಗ ಸಿಗ್ನಲ್. ನಿಮ್ಮ ಕಾರಿಗೆ ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಆರುವ ಸೌಲಭ್ಯ ಇದೆಯೇ? ಇದ್ದರೆ ಎಂಜಿನ್ ಜೊತೆ ಬೆಲ್ಟ್ ನಿಂತು ಕಂಪ್ರೆಸರೂ ನಿಲ್ಲುತ್ತದೆ, ಬ್ಲೋವರ್ ಮಾತ್ರ ಬೀಸುತ್ತದೆ. ಮಂಗಳೂರಿನ ಏಪ್ರಿಲ್‌ನಲ್ಲಿ ಆ ಸೌಲಭ್ಯವನ್ನು ಅದರ ಗುಂಡಿಯಿಂದ ಆಫ್ ಮಾಡಿಟ್ಟುಕೊಳ್ಳಿ, ಅಷ್ಟಕ್ಕೇ ಸಮಸ್ಯೆ ಮುಗಿಯಬಹುದು.

ಎಂಜಿನ್ ಓಡುತ್ತಿರುವಾಗಲೇ ಗಾಳಿ ಬೆಚ್ಚಗಾಗಿ, ಕಾರು ಚಲಿಸಿದ ಕೂಡಲೇ ಮತ್ತೆ ತಂಪಾದರೆ ಮೊದಲ ಅನುಮಾನ ಕಂಡೆನ್ಸರ್ ಮೇಲೆ. ರೇಡಿಯೇಟರ್ ಮುಂದಿರುವ ಈ ಜಾಲರಿ ಒಳಗಿನ ಸೆಖೆಯನ್ನೆಲ್ಲ ಹೊರಗೆ ಬಿಡಬೇಕು. ಓಡುವಾಗ ಎದುರುಗಾಳಿ ಆ ಕೆಲಸ ಮಾಡುತ್ತದೆ. ನಿಂತಾಗ ಅದರ ಫ್ಯಾನ್ ಮಾಡಬೇಕು. ಏಸಿ ಹಾಕಿ ಬಾನೆಟ್ ಎತ್ತಿ ನೋಡಿ, ಕೆಲವೇ ಸೆಕೆಂಡುಗಳಲ್ಲಿ ಫ್ಯಾನ್ ತಿರುಗಬೇಕು. ಎರಡು ವೇಗದ ಫ್ಯಾನ್‌ನಲ್ಲಿ ಒಂದು ವೇಗ ಮಾತ್ರ ಸತ್ತಿರುವುದೂ ಉಂಟು, ತಿರುಗುತ್ತಿದೆಯಲ್ಲ ಎಂದು ಬಿಟ್ಟುಬಿಡುತ್ತಾರೆ. ಇನ್ನೊಂದು ಸರಳ ಪರೀಕ್ಷೆ: ಕಾರು ನಿಂತಲ್ಲೇ ಐಡ್ಲಿಂಗ್‌ನಲ್ಲಿರುವಾಗ ಗ್ರಿಲ್ ಕಡೆಯಿಂದ ಕಂಡೆನ್ಸರ್ ಮೇಲೆ ಮಗ್‌ನಲ್ಲಿ ನಿಧಾನವಾಗಿ ನೀರು ಸುರಿಯಿರಿ. ಒಳಗೆ ಕಿಂಡಿಯ ಗಾಳಿ ಒಂದೆರಡು ನಿಮಿಷದಲ್ಲಿ ಚೆನ್ನಾಗಿ ತಂಪಾದರೆ ತೊಂದರೆ ಸೆಖೆ ಹೊರಹೋಗದಿರುವುದು: ಫ್ಯಾನ್, ರೆಕ್ಕೆಗಳಲ್ಲಿ ತುಂಬಿದ ಧೂಳು–ಹುಳು, ಇಲ್ಲವೇ ಗ್ಯಾಸ್ ಜಾಸ್ತಿ ಆಗಿರುವುದು.

ಹೌದು, ಜಾಸ್ತಿ. ಗ್ಯಾಸ್ ಹೆಚ್ಚಿದಷ್ಟು ಕೂಲಿಂಗ್ ಹೆಚ್ಚು ಎಂಬುದು ಗ್ಯಾರೇಜುಗಳಲ್ಲೂ ಬೇರೂರಿದ ತಪ್ಪು ತಿಳಿವಳಿಕೆ. ಹೆಚ್ಚಾದ ಗ್ಯಾಸ್ ಕಂಡೆನ್ಸರ್‌ನಲ್ಲಿ ದ್ರವವಾಗಿ ನಿಂತು, ಸೆಖೆ ಬಿಡಲು ಇರಬೇಕಾದ ಜಾಗವನ್ನೇ ತುಂಬಿಬಿಡುತ್ತದೆ. ಒತ್ತಡ ಏರುತ್ತದೆ, ಅತಿಯಾದಾಗ ಪ್ರೆಶರ್ ಸೆನ್ಸರ್ ಕಂಪ್ರೆಸರ್ ನಿಲ್ಲಿಸುತ್ತದೆ. ಆ ಗ್ಯಾರೇಜಿನಲ್ಲಿ ಎಷ್ಟು ಗ್ರಾಂ ಹಾಕಿದರು ಎಂದು ಬಿಲ್ಲಿನಲ್ಲಿ ಬರೆದಿದ್ದಾರೆಯೇ ನೋಡಿ. ಸಣ್ಣ, ಮಧ್ಯಮ ಕಾರುಗಳಲ್ಲಿ ಒಟ್ಟು ಗ್ಯಾಸ್ ಸಾಮಾನ್ಯವಾಗಿ 350ರಿಂದ 550 ಗ್ರಾಂ ಅಷ್ಟೇ, ನಿಮ್ಮ ಕಾರಿನ ನಿಖರ ತೂಕ ಬಾನೆಟ್ ಒಳಗಿನ ಸ್ಟಿಕರ್‌ನಲ್ಲಿದೆ. ಇಷ್ಟು ಕಡಿಮೆ ಪ್ರಮಾಣದಲ್ಲಿ 80–100 ಗ್ರಾಂ ಹೆಚ್ಚುಕಡಿಮೆಯಾದರೂ ಕೂಲಿಂಗ್ ಕೆಡುತ್ತದೆ. ಗೇಜ್ ಮುಳ್ಳು ನೋಡಿ ಅಂದಾಜಿನಲ್ಲಿ ತುಂಬುವುದರಿಂದ ಇದು ಸರಿಹೋಗುವುದಿಲ್ಲ, ತೂಕದಿಂದಲೇ ಆಗಬೇಕು.

ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವೂ ಅಲ್ಲ. ಹೋಸ್‌ಗಳ ಮೂಲಕ ವರ್ಷಕ್ಕೆ ಅಲ್ಪಸ್ವಲ್ಪ ಇಂಗುತ್ತದೆ, ಐದಾರು ವರ್ಷಕ್ಕೊಮ್ಮೆ ಅದು ಅನುಭವಕ್ಕೆ ಬರಬಹುದು. ಎರಡು ತಿಂಗಳಿಗೆ ಕಡಿಮೆಯಾದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸಾಮಾನ್ಯವಾಗಿ ಸೋರುವ ಜಾಗಗಳು: ಕಲ್ಲೇಟು ತಿಂದ ಕಂಡೆನ್ಸರ್, ಗ್ಯಾಸ್ ತುಂಬುವ ಮೂತಿಯ ಒಳಗಿನ ಪಿನ್ ವಾಲ್ವ್, ಪೈಪ್ ಜೋಡಣೆಯ ರಬ್ಬರ್ ರಿಂಗುಗಳು, ಕಂಪ್ರೆಸರ್ ಶಾಫ್ಟ್‌ನ ಸೀಲ್, ಕೊನೆಗೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾದ ಕೂಲಿಂಗ್ ಕಾಯಿಲ್. ಗ್ಯಾಸ್ ಜೊತೆ ಕಂಪ್ರೆಸರಿನ ಎಣ್ಣೆಯೂ ಹೊರಬರುವುದರಿಂದ ಸೋರುವ ಜಾಗದಲ್ಲಿ ಜಿಡ್ಡು ಧೂಳು ಮೆತ್ತಿಕೊಂಡಿರುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಪಿನ್ ವಾಲ್ವ್ ಅಂದರೆ ಸೈಕಲ್ ಟ್ಯೂಬಿನ ಮೂತಿಯಷ್ಟು ಚಿಕ್ಕದು, ಬೆಲೆಯೂ ಅತ್ಯಲ್ಪ. ಅದರ ಮುಚ್ಚಳ ತೆಗೆದು ಸೋಪಿನ ನೊರೆ ಹಚ್ಚಿ ನೋಡುವುದರಿಂದಲೇ ತಪಾಸಣೆ ಶುರುವಾಗಲಿ.

ಸರಿಯಾದ ಕ್ರಮ ಹೀಗಿದೆ. ಇರುವ ಗ್ಯಾಸನ್ನು ಮೆಷಿನ್‌ನಲ್ಲಿ ಹೊರತೆಗೆದು ತೂಕ ನೋಡಬೇಕು. ಸ್ಟಿಕರ್‌ನ ತೂಕಕ್ಕಿಂತ ಎಷ್ಟು ಕಡಿಮೆ ಅಥವಾ ಹೆಚ್ಚು ಇತ್ತು ಎಂಬುದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ನೈಟ್ರೋಜನ್ ಒತ್ತಡ ಕೊಟ್ಟು ಸೋರಿಕೆ ಹುಡುಕಿ ಸರಿಪಡಿಸಬೇಕು. ನಂತರ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್, ಪಂಪ್ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಮುಳ್ಳು ಕದಲದೆ ನಿಲ್ಲುತ್ತದೆಯೇ ಎಂದು ನೋಡಬೇಕು. ಕೊನೆಗೆ ಹೊರಬಂದಷ್ಟು ಎಣ್ಣೆ, ಸ್ಟಿಕರ್‌ನಷ್ಟೇ ತೂಕದ ಗ್ಯಾಸ್. ಸೋರಿಕೆ ಮುಚ್ಚುವ ಸೀಲೆಂಟ್ ಡಬ್ಬಿ ಹಾಕುತ್ತೇವೆ ಎಂದರೆ ಒಪ್ಪಬೇಡಿ. ಅದು ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಕಿರಿದಾದ ದಾರಿಯನ್ನೇ ಕಟ್ಟಿಸಬಹುದು, ಮೆಷಿನ್ ಇಟ್ಟುಕೊಂಡ ಗ್ಯಾರೇಜಿನವರು ಆಮೇಲೆ ನಿಮ್ಮ ಕಾರನ್ನು ಮುಟ್ಟಲೂ ಹಿಂಜರಿಯುತ್ತಾರೆ. ಅಗ್ಗದ ಡಬ್ಬಿಗಳಲ್ಲಿ ಅಡುಗೆ ಅನಿಲದಂಥ ಹೊತ್ತಿಕೊಳ್ಳುವ ಮಿಶ್ರಣವೂ ಬರುತ್ತದೆ. ಸ್ಟಿಕರ್ ಹೇಳಿದ ಗ್ಯಾಸೇ ಆಗಲಿ, ಐದು ವರ್ಷದ ಕಾರಾದರೆ ಬಹುತೇಕ ಆರ್134ಎ. ಸೋರಿಕೆ ಮುಚ್ಚದೆ ತುಂಬಿಸುತ್ತಾ ಹೋಗುವುದು ನಿಮ್ಮ ಜೇಬಿಗೆ ಮಾತ್ರವಲ್ಲ, ಗಾಳಿಗೂ ಹೊರೆ. ಈ ಗ್ಯಾಸಿನ ಒಂದು ಕಿಲೋ ನೂರು ವರ್ಷದ ಲೆಕ್ಕದಲ್ಲಿ ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಶಾಖ ಹಿಡಿಯುತ್ತದೆ.

ಗ್ಯಾರೇಜಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಅಳತೆ ಮಾಡಿಕೊಳ್ಳಿ. ಚುಚ್ಚುಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರನ್ನು ನಡುವಿನ ಕಿಂಡಿಯಲ್ಲಿ ಸಿಕ್ಕಿಸಿ. ನೆರಳಲ್ಲಿ ನಿಲ್ಲಿಸಿ, ಗಾಜು ಮುಚ್ಚಿ, ಅತಿ ಕಡಿಮೆ ಉಷ್ಣತೆ, ಒಳಗಾಳಿ, ಮಧ್ಯಮ ಬ್ಲೋವರ್, ಎಂಜಿನ್ 1,500 ಆರ್‌ಪಿಎಂ. ಹತ್ತು ನಿಮಿಷಕ್ಕೆ, ಹೊರಗೆ 30–35 ಇದ್ದರೆ, 6ರಿಂದ 12 ಡಿಗ್ರಿ ಬರಬೇಕು. ಮಂಗಳೂರಿನಲ್ಲಿ ಒಂದೆರಡು ಡಿಗ್ರಿ ಹೆಚ್ಚೇ ತೋರಿಸುತ್ತದೆ, ಏಕೆಂದರೆ ಕಾಯಿಲ್‌ನ ಶಕ್ತಿಯಲ್ಲಿ ದೊಡ್ಡ ಪಾಲು ಗಾಳಿಯ ತೇವವನ್ನು ನೀರಾಗಿಸುವುದಕ್ಕೇ ಹೋಗುತ್ತದೆ. ಹಾಸನದಲ್ಲಿ ಚೆನ್ನಾಗಿದ್ದ ಏಸಿ ಘಾಟಿ ಇಳಿದ ಮೇಲೆ ಸೋತಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಈಗ ಒಂದೊಂದೇ ಡಿಗ್ರಿ ಏರಿಸುತ್ತಾ ಕೊನೆಯವರೆಗೆ ಹೋಗಿ. ಕಿಂಡಿಯ ಗಾಳಿ ಹದವಾಗಿ ಬಿಸಿಯಾಗುತ್ತಾ ಹೋದರೆ ಬೆರೆಸುವ ಫ್ಲಾಪ್ ಸರಿಯಿದೆ. ಡ್ಯಾಶ್‌ಬೋರ್ಡ್ ಒಳಗೆ 'ಟಕ್ ಟಕ್ ಟಕ್' ಎಂದು ಸದ್ದಾದರೆ ಫ್ಲಾಪ್ ತಿರುಗಿಸುವ ಪುಟ್ಟ ಮೋಟಾರಿನ ಪ್ಲಾಸ್ಟಿಕ್ ಹಲ್ಲು ಮುರಿದಿದೆ. ಬ್ಯಾಟರಿ ಬದಲಿಸಿದ ಮೇಲೆ ಇಂಥ ಗೊಂದಲ ಶುರುವಾಗಿದ್ದರೆ ಇಗ್ನಿಷನ್ ಆನ್ ಮಾಡಿ ಒಂದು ನಿಮಿಷ ಯಾವ ಗುಂಡಿಯನ್ನೂ ಮುಟ್ಟದೆ ಬಿಡಿ; ಹಲವು ಕಾರುಗಳಲ್ಲಿ ಮೋಟಾರುಗಳು ಆ ಹೊತ್ತಿನಲ್ಲಿ ತಮ್ಮ ಎರಡೂ ತುದಿಗಳನ್ನು ಮತ್ತೆ ಗುರುತಿಸಿಕೊಳ್ಳುತ್ತವೆ.

ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ಕಪ್ಪಾಗಿದ್ದರೆ ಬದಲಿಸಿ, ಇದಕ್ಕೆ ಯಾರ ಸಲಹೆಯೂ ಬೇಡ. ದೂರದ ಪ್ರಯಾಣದಲ್ಲಿ ಒಂದು ಗಂಟೆಯ ಮೇಲೆ ಗಾಳಿಯೇ ಕಡಿಮೆಯಾಗಿ, ಏಸಿ ಹತ್ತು ನಿಮಿಷ ಆರಿಸಿದ ಮೇಲೆ ಮತ್ತೆ ಜೋರಾಗಿ ಬಂದರೆ ಮಾತ್ರ ಕಾಯಿಲ್ ಮೇಲೆ ಮಂಜುಗಟ್ಟುತ್ತಿದೆ ಎಂದು ತಿಳಿಯಿರಿ. ಆಗ ರೆಕ್ಕೆಯೊಳಗಿನ ಸೆನ್ಸರ್ ನೋಡಿಸಬೇಕು.

ಘಾಟಿಯ ಮಬ್ಬು ನಿಮ್ಮೆಲ್ಲರ ಉಸಿರಿನ ತೇವ. ಒಳಗಾಳಿಯ ಗುಂಡಿ ಒತ್ತಿಟ್ಟರೆ ಅದು ಹೊರಹೋಗುವುದಿಲ್ಲ. ಹೊರಗಾಳಿಗೆ ತಿರುಗಿಸಿ, ಏಸಿ ಆನ್ ಇಡಿ, ಮುಂದಿನ ಗಾಜಿಗೆ ಗಾಳಿ ಬಿಡುವ ಗುಂಡಿ ಒತ್ತಿ. ಆಗ ಏಸಿ ತಾನಾಗಿ ಹತ್ತಿಕೊಳ್ಳುವುದು ದೋಷವಲ್ಲ. ಗಾಳಿಯ ತೇವ ಹಿಂಡುವುದೇ ಕೂಲಿಂಗ್ ಕಾಯಿಲ್. ಉಷ್ಣತೆ 24–25 ಇರಲಿ, ಏಕೆಂದರೆ ಗಾಜು ತೀರಾ ತಂಪಾದರೆ ಕರಾವಳಿಯ ಗಾಳಿಯಲ್ಲಿ ಹೊರಮೈ ಮಬ್ಬಾಗುತ್ತದೆ. ವೈಪರ್ ಹಾಕಿದಾಗ ಹೋಗುವ ಮಬ್ಬು ಹೊರಗಿನದು, ಅದಕ್ಕೆ ಗಾಳಿಯನ್ನು ಗಾಜಿನಿಂದ ಬೇರೆಡೆಗೆ ತಿರುಗಿಸಬೇಕು. ಐದು ಜನ ಇದ್ದಾಗ ಬಿಸಿಲಲ್ಲೂ ಅರ್ಧ ಗಂಟೆಗೊಮ್ಮೆ ಕೆಲವು ನಿಮಿಷ ಹೊರಗಾಳಿ ಬಿಡಿ, ಒಳಗೆ ಸೇರುವ ಇಂಗಾಲದ ಡೈಆಕ್ಸೈಡ್ ಚಾಲಕರಿಗೆ ತೂಕಡಿಕೆ ತರುತ್ತದೆ.

ಇನ್ನು ಪ್ಯಾನಲ್. 'ಸೆನ್ಸರ್ ಹೋಗಿದೆ' ಎಂದವರನ್ನು ಯಾವ ಸೆನ್ಸರ್ ಎಂದು ಕೇಳಿ. ಒಳಗಿನ ಸೆನ್ಸರ್‌ನ ಜಾಲರಿ ಸ್ವಲ್ಪ ಗಾಳಿ ಎಳೆದುಕೊಳ್ಳಬೇಕು: ಬ್ಲೋವರ್ ಹಾಕಿ ಟಿಶ್ಯೂ ಪೇಪರಿನ ತೆಳು ಚೂರು ಹಿಡಿದರೆ ಅಂಟಿಕೊಳ್ಳಬೇಕು. ಅಂಟದಿದ್ದರೆ ಹಿಂದಿನ ಕೊಳವೆ ಕಳಚಿದೆ ಅಥವಾ ಧೂಳು ಕಟ್ಟಿದೆ, ಆಗ ಅದು ಡ್ಯಾಶ್‌ಬೋರ್ಡ್ ಹಿಂದೆ ನಿಂತ ಗಾಳಿಯ ಉಷ್ಣತೆಯನ್ನೇ ಒಳಗಿನದೆಂದು ಹೇಳುತ್ತಿರುತ್ತದೆ. ಎಲ್ಲಕ್ಕಿಂತ ನಂಬಲರ್ಹ ಪರೀಕ್ಷೆ ಬೆಳಗಿನದು. ರಾತ್ರಿಯಿಡೀ ಶೆಡ್ಡಿನಲ್ಲಿ ನಿಂತ ಕಾರಿಗೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಸ್ಕ್ಯಾನರ್ ಹಾಕಿಸಿ. ಒಳಗಿನದು, ಹೊರಗಿನದು, ಕಾಯಿಲ್‌ನದು, ಕೂಲೆಂಟ್‌ನದು, ನಾಲ್ಕೂ ಎರಡು ಮೂರು ಡಿಗ್ರಿ ಅಂತರದಲ್ಲಿರಬೇಕು. ಒಂದು ಮಾತ್ರ ಎಂಟು ಹತ್ತು ಡಿಗ್ರಿ ದೂರ ನಿಂತರೆ ಅದೇ ಕೆಟ್ಟದ್ದು, ಅದೊಂದನ್ನೇ ಬದಲಿಸಿ. ಬಂಪರ್ ಕೆಲಸ ಆದ ಮೇಲೆ ಹೊರಗಿನ ಸೆನ್ಸರ್‌ನ ಪ್ಲಗ್ ಹಾಕಲು ಮರೆತಿರುವುದೂ ಇದೆ. ಮೀಟರಿನಲ್ಲಿ ಹೊರಗಿನ ಉಷ್ಣತೆ ಮೈನಸ್ 30–40 ಅಥವಾ ಬರೀ ಗೆರೆ ಕಂಡರೆ ಅದೇ. ಹೊರಗೆ ಹಿಮ ಬೀಳುತ್ತಿದೆ ಎಂದುಕೊಂಡ ಯೂನಿಟ್ ಕಂಪ್ರೆಸರ್ ಹಾಕುವುದೇ ಇಲ್ಲ. ಸ್ಕ್ಯಾನರ್‌ನಲ್ಲಿ ಬಿಸಿಲಿನ ಸೆನ್ಸರ್‌ನ ದೋಷದ ಕೋಡ್ ಬಂದಿದ್ದರೆ ಕಾರನ್ನು ಬಿಸಿಲಿಗೆ ತಂದು ಮತ್ತೆ ನೋಡಿಸಿ. ಟೊಯೊಟಾದಂಥ ಕೆಲವು ಕಾರುಗಳಲ್ಲಿ ಕತ್ತಲ ಶೆಡ್ಡಿನಲ್ಲಿ ತಪಾಸಿಸಿದರೆ ಚೆನ್ನಾಗಿರುವ ಸೆನ್ಸರ್ ಕೂಡ ಕೆಟ್ಟದ್ದೆಂದು ಕೋಡ್ ತೋರಿಸುತ್ತದೆ.

ಪ್ಯಾನಲ್ ನಿಜಕ್ಕೂ ಕೆಟ್ಟಿದೆ ಎನ್ನಬೇಕಾದರೆ ಸೆನ್ಸರ್‌ಗಳ ಲೆಕ್ಕವೆಲ್ಲ ಸರಿ ಬಂದು, ವೈರಿಂಗ್ ಸರಿಯಿದ್ದು, ಆದರೂ ಆದೇಶ ಹೊರಡುತ್ತಿಲ್ಲ ಎಂದು ತೋರಿಸಬೇಕು. ಡಿಸ್‌ಪ್ಲೇ ಆರಿಹೋಗುವುದು, ಗುಂಡಿಗಳು ಓಗೊಡದಿರುವುದು ಇದರ ಲಕ್ಷಣ; ನಿಮ್ಮ ಪತ್ರದಲ್ಲಿ ಅಂಥದ್ದೊಂದೂ ಇಲ್ಲ. ಹಳೆಯ ಪ್ಯಾನಲ್ ಕಡಿಮೆ ಬೆಲೆಗೆ ಹಾಕಿಕೊಡುತ್ತೇವೆ ಎಂದರೂ ಎಚ್ಚರ, ಹೊರಗೆ ಒಂದೇ ತರಹ ಕಂಡರೂ ಬೇರೆ ವೇರಿಯಂಟ್‌ನದ್ದಾದರೆ ಫ್ಲಾಪ್‌ಗಳ ಲೆಕ್ಕ ತಪ್ಪುತ್ತದೆ. ನಿಮ್ಮ ವಿಷಯದಲ್ಲಿ ಖರ್ಚಿನ ಕ್ರಮ ಹೀಗಿರಲಿ: ಫಿಲ್ಟರ್ ಮತ್ತು ಕಂಡೆನ್ಸರ್ ಶುಚಿ, ಫ್ಯಾನ್‌ನ ಎರಡೂ ವೇಗ, ಗ್ಯಾಸ್ ಹೊರತೆಗೆದು ತೂಕ, ಸೋರಿಕೆ ದುರಸ್ತಿ. ಬಿಲ್ಲಿನಲ್ಲಿ ಹೊರತೆಗೆದ ಗ್ರಾಂ, ತುಂಬಿದ ಗ್ರಾಂ ಎರಡನ್ನೂ ಬರೆಸಿಕೊಳ್ಳಿ. ಮುಂದಿನ ಸಲ ತೊಂದರೆಯಾದರೆ ಮೆಕ್ಯಾನಿಕ್ ಯಾರೇ ಇರಲಿ, ಆ ಎರಡು ಸಂಖ್ಯೆಗಳಿಂದಲೇ ಕೆಲಸ ಶುರುಮಾಡಬಹುದು.